ನೆಲಕ್ಕಂಟದ ಪೈರು

ಎಡಗಡೆಯ ತಟ್ಟೆ ಪೂರ್ತಿ ಸತ್ತಿತ್ತು.

ಬಲಗಡೆಯದರಲ್ಲಿ ಎಲೆಗಳ ತುದಿ ಸುಟ್ಟಂತೆ ಕಂದಿದ್ದರೂ ಬುಡದಿಂದ ಉಗುರಿನಷ್ಟು ಹೊಸ ಹಸಿರು ಇಣುಕುತ್ತಿತ್ತು. ಗಾಜಿನ ಮನೆಯ ಕಲ್ಲುಕಟ್ಟೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಮೇಷ್ಟ್ರ ಶಿಷ್ಯೆ ಹಿಂದೆ ಸರಿದು ನಿಂತಳು, ನೋಡಬೇಕಾದವರು ನೋಡಲಿ ಎಂಬಂತೆ.

ಇನ್‌ಸ್ಪೆಕ್ಟರ್ ನೋಡಿದಳು. ಅವಳಿಗೆ ಗೋಧಿ ಎಂದರೆ ಅಂಗಡಿಯಿಂದ ಹಿಟ್ಟಾಗಿ ಬರುವ ವಸ್ತು. ಆದರೂ ಸತ್ತದ್ದು ಯಾವುದು, ಬದುಕಿದ್ದು ಯಾವುದು ಎಂದು ತಿಳಿಯಲು ಓದು ಬೇಕಿರಲಿಲ್ಲ.

"ಮಣ್ಣು ಒಂದೇ ತಾನೆ?"

"ಒಂದೇ ಮಣ್ಣು, ಒಂದೇ ನೀರು," ಎಂದಳು ಶಿಷ್ಯೆ. "ಒಂದೇ ಚಳಿ."

ಆ ಚಳಿ ಕೊಟ್ಟಿದ್ದ ಶೀತಲ ಕೋಣೆ ಪಕ್ಕದ ಓಣಿಯ ಕೊನೆಯಲ್ಲಿತ್ತು. ಊರೆಲ್ಲ ಗೋಧಿ ಮೇಷ್ಟ್ರು ಎಂದು ಕರೆಯುತ್ತಿದ್ದ ತಳಿ ವಿಜ್ಞಾನಿ ಅದೇ ಕೋಣೆಯಲ್ಲಿ ಹೆಪ್ಪುಗಟ್ಟಿ ಸತ್ತಿದ್ದರು. ಒಳಗಿನ ಹಿಡಿ ಕೆಟ್ಟಿತ್ತು, ಬಾಗಿಲು ತಾನಾಗಿ ಮುಚ್ಚಿಕೊಂಡಿತು, ಅಪಘಾತ ಎಂದು ಬರೆದು ಇಲಾಖೆ ಕೈತೊಳೆದುಕೊಂಡಿತ್ತು. ಮೇಷ್ಟ್ರ ಅಕ್ಕ ಠಾಣೆಗೆ ಬಂದು, ಹೇಳಿದ್ದನ್ನೇ ಹೇಳುತ್ತ ಬೆಂಚು ಬಿಟ್ಟು ಏಳದೆ ಕೂತಿದ್ದರಿಂದಲೇ ಕಡತ ಮತ್ತೆ ತೆರೆದದ್ದು. ಹಿಡಿ ಕೆಟ್ಟಿದ್ದು ತಮ್ಮನಿಗೆ ಗೊತ್ತಿತ್ತು, ಒಳಗೆ ಹೋಗುವಾಗೆಲ್ಲ ಬಾಗಿಲಿಗೆ ಇಟ್ಟಿಗೆ ಒತ್ತುಕೊಡುತ್ತಿದ್ದ, ಆ ಇಟ್ಟಿಗೆ ಮೂಲೆಗೆ ಹೋದದ್ದು ಹೇಗೆ ಎಂಬುದು ಆಕೆಯ ಒಂದೇ ಪ್ರಶ್ನೆ.

ಸಾಯುವುದಕ್ಕೆ ಮೊದಲೇ ಮೇಷ್ಟ್ರ ಹೆಸರು ಸತ್ತಿತ್ತು. ಚಳಿಗಾಲ ಎಷ್ಟೇ ಕಟುವಾಗಿರಲಿ ತಡೆಯುವ ಗಟ್ಟಿ ಗೋಧಿ ಎಂದು ಅವರು ಕೊಟ್ಟ ಹೊಸ ತಳಿ, ಮೊದಲ ಕಟು ಚಳಿಗೇ ಊರಿನ ಹೊಲಗಳ ತುಂಬ ಬೇಯಿಸಿದ ಸೊಪ್ಪಿನಂತೆ ಮಲಗಿತ್ತು.

ಈ ಪರೀಕ್ಷೆ ಇನ್‌ಸ್ಪೆಕ್ಟರ್ ಕೇಳಿ ಮಾಡಿಸಿದ್ದು. ಎಡದ ತಟ್ಟೆಗೆ ಬಿತ್ತಿದ್ದು ರೈತರಿಗೆ ಹಂಚಿ ಉಳಿದಿದ್ದ ಚೀಲದ ಬೀಜ. ಬಲದ್ದಕ್ಕೆ, ಮೇಷ್ಟ್ರು ತಮ್ಮ ಮೇಜಿನ ಮೇಲೆ ಗಾಜಿನ ಭರಣಿಯಲ್ಲಿ ಇಟ್ಟುಕೊಂಡಿದ್ದ ಮೂಲ ಬೀಜ. ಮೊದಲು ವಾರಗಟ್ಟಲೆ ಸಣ್ಣ ಚಳಿಯಲ್ಲಿಟ್ಟು ಸಸಿಗಳನ್ನು ಹದ ಮಾಡಿ, ಆಮೇಲೆ ದೊಡ್ಡ ಚಳಿಗೆ ಒಡ್ಡಿ, ಮತ್ತೆ ಬೆಚ್ಚಗೆ ತಂದಿಟ್ಟು ಕಾಯಬೇಕು ಎಂದು ಶಿಷ್ಯೆ ಅಂದೇ ಹೇಳಿದ್ದಳು. ಇನ್‌ಸ್ಪೆಕ್ಟರ್ ಕಾದಿದ್ದಳು.

ಶಿಷ್ಯೆ ಬಲದ ತಟ್ಟೆಯಿಂದ ಒಂದು ಸಸಿ ಕಿತ್ತು ಬುಡವನ್ನು ಬ್ಲೇಡಿನಿಂದ ಸೀಳಿದಳು. ಒಳಗೆ ತಿರುಳು ಬೆಳ್ಳಗೆ, ಗಟ್ಟಿಯಾಗಿತ್ತು. ಎಡದ್ದನ್ನು ಸೀಳಿದರೆ ಕಂದು ರಸ ಬೆರಳಿಗೆ ಅಂಟಿತು.

"ಜೀವ ಎಲೇಲಿರಲ್ಲ, ಇಲ್ಲಿರುತ್ತೆ," ಎಂದು ಆ ಬಿಳಿ ತಿರುಳನ್ನು ತೋರಿಸಿದಳು. "ಮೇಲಿಂದ ನೋಡಿ ಸತ್ತಿದೆ ಅಂತ ಉಳಬೇಡಿ ಅಂತ ಸರ್ ರೈತರಿಗೆ ಹೇಳ್ತಿದ್ರು. ಬುಡ ಸೀಳಿ ನೋಡಿ ಅಂತಿದ್ರು."

ರೈತರು ಸೀಳಿಯೂ ನೋಡಿದ್ದರು. ಬುಡವೂ ಕೊಳೆತಿತ್ತು.

"ಹಾಗಾದ್ರೆ ರೈತರಿಗೆ ಸಿಕ್ಕಿದ್ದು ಇದಲ್ಲ," ಎಂದಳು ಇನ್‌ಸ್ಪೆಕ್ಟರ್.

"ಅಲ್ಲ. ಅವರಿಗೆ ಸಿಕ್ಕಿದ್ದು ಬೇಸಿಗೆ ಗೋಧಿ. ಬೆಚ್ಚಗಿನ ಸೀಮೆಯದು. ಅದೂ ಗಟ್ಟಿ ಗೋಧಿನೇ, ಆದ್ರೆ ಚಳಿ ತಡೆಯಲ್ಲ."

ಇನ್‌ಸ್ಪೆಕ್ಟರ್ ಭರಣಿಯ ಬೀಜವನ್ನೂ ಚೀಲದ ಬೀಜವನ್ನೂ ಒಂದೊಂದು ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿದಳು. ಎರಡೂ ಜೇನಿನ ಬಣ್ಣ. ಎರಡೂ ಉದ್ದನೆ ಕಾಳು, ಕಲ್ಲಿನಂತೆ ಗಟ್ಟಿ. ಶಿಷ್ಯೆ ಎರಡನ್ನೂ ಕತ್ತರಿಸಿ ತೋರಿಸಿದಳು: ಒಳಗೆ ಹಿಟ್ಟಿನ ಬಿಳುಪಿಲ್ಲ, ಗಾಜಿನ ಚೂರಿನ ಹೊಳಪು. ಒಳ್ಳೆಯ ರವೆಗೆ ಗಿರಣಿಯವರು ಹುಡುಕುವುದು ಇದನ್ನೇ. ಕಾಳು ನೋಡಿ ಹೇಳುವುದು ತನ್ನಿಂದಲೂ ಆಗದು, ಸರ್ ಕೈಯಲ್ಲೂ ಆಗುತ್ತಿರಲಿಲ್ಲ ಎಂದಳು.

"ಮತ್ತೆ ಗೊತ್ತಾಗೋದು ಯಾವಾಗ?"

"ಮೊಳಕೆ ಬಂದ ಮೇಲೆ. ಚಳಿಗಾಲದ ಗೋಧಿ ಮೊದಲು ನೆಲಕ್ಕೆ ಅಂಟಿ ಮಲಗುತ್ತೆ. ಚಾಪೆ ಹಾಸಿದ ಹಾಗೆ. ಚಳಿ ಉಂಡು ಮುಗಿಸೋ ತನಕ ಮೇಲೇಳಲ್ಲ, ತೆನೆ ಕಟ್ಟೋ ಯೋಚನೆನೂ ಮಾಡಲ್ಲ. ಬೇಸಿಗೆದು ಹಾಗಲ್ಲ, ಹುಟ್ಟಿದ ತಕ್ಷಣ ನೆಟ್ಟಗೆ ನಿಲ್ಲುತ್ತೆ." ಅವಳ ಮುಖದಲ್ಲಿ ಸಣ್ಣ ನಗೆ ಬಂದು ಹೋಯಿತು. "ಇದು ಥೇಟ್ ನಮ್ಮ ಭಾವನ ಹಾಗೆ, ಚಳಿ ಬಂದ್ರೆ ಹಾಸಿಗೆ ಬಿಟ್ಟು ಏಳಲ್ಲ ಅಂತ ಸರ್ ತಮಾಷೆ ಮಾಡ್ತಿದ್ರು. ಹಠಮಾರಿ ಅಂತ ಹೆಸರಿಟ್ಟಿದ್ರು ಇದಕ್ಕೆ."

ಹಠಮಾರಿ. ಗಿಡ್ಡ ಕಾಂಡ, ಗಾಳಿಗೆ ಬೀಳುವುದಿಲ್ಲ. ಎಲೆಗೆ ತುಕ್ಕು ರೋಗ ಹತ್ತುವುದಿಲ್ಲ. ತೆನೆಗೆ ಕಪ್ಪು ಮೀಸೆ. ಶಿಷ್ಯೆ ಹೇಳುತ್ತ ಹೋದಳು, ಮದುವೆಗೆ ಬಂದ ಮಗಳ ಗುಣ ಹೇಳುವ ತಾಯಿಯ ಹಾಗೆ. ಮೇಷ್ಟ್ರು ಈ ಒಂದು ತಳಿಗಾಗಿ ತಲೆಗೂದಲು ಬೆಳ್ಳಗಾಗುವ ತನಕ ದುಡಿದಿದ್ದರು. ಮದುವೆಯಾಗಲಿಲ್ಲ, ಬೇರೆ ಕೆಲಸಕ್ಕೆ ಹೋಗಲಿಲ್ಲ.

ಹೊಸ ಬೀಜ ಬಿತ್ತಿದ ಶರತ್ಕಾಲದಲ್ಲಿ ರೈತರ ಹೊಲಗಳನ್ನು ನೋಡಿದ್ದೆಯಾ ಎಂದು ಇನ್‌ಸ್ಪೆಕ್ಟರ್ ಕೇಳಿದಳು. ತನಗೆ ಇಲ್ಲಿಯೇ ಕೆಲಸವಿತ್ತು, ಹೋಗಲಾಗಲಿಲ್ಲ ಎಂದಳು ಶಿಷ್ಯೆ. ಸರ್ ಮಾತ್ರ ಒಂದು ಸಲ ಹೋಗಿದ್ದರು, ಫೋಟೋ ತೆಗೆಸಿಕೊಳ್ಳಲು.

*

ಆ ಫೋಟೋ ಹುಡುಕಲು ಎಲ್ಲಿಗೂ ಹೋಗಬೇಕಾಗಲಿಲ್ಲ. ಠಾಣೆಯಲ್ಲಿ ಅವಳ ಕುರ್ಚಿಯ ಎದುರು ಗೋಡೆಗೇ ನೇತುಹಾಕಿತ್ತು.

ಬೀಜ ಸಂಘದವರು ವರ್ಷಕ್ಕೊಮ್ಮೆ ಹಂಚುವ ಕ್ಯಾಲೆಂಡರ್. ಊರಿನ ಒಂದೊಂದು ಮನೆಯಲ್ಲೂ, ಅಂಗಡಿಯಲ್ಲೂ, ಕ್ಷೌರದವನ ಕನ್ನಡಿಯ ಪಕ್ಕದಲ್ಲೂ ಅದೇ ಇತ್ತು. 'ಹೊಸ ತಳಿಯ ಮೊದಲ ಹೊಲ' ಎಂದು ದೊಡ್ಡಕ್ಷರ. ಹೆಗಲ ಮೇಲೆ ಕೈ ಹಾಕಿಕೊಂಡು ಸಾಲಾಗಿ ನಿಂತ ರೈತರು, ಎಲ್ಲರ ಬಾಯಿ ಕಿವಿಯವರೆಗೆ.

ಅವರ ಕಾಲ ಬಳಿ ಪೈರು ನೆಟ್ಟಗೆ ನಿಂತಿತ್ತು. ಕಣಕಾಲಿಗಿಂತ ಮೇಲೆ, ಕಣ್ಣಿಗೆ ತಂಪೆನಿಸುವಂತೆ ಹಸಿರಾಗಿ, ಹುಲುಸಾಗಿ.

ಇನ್‌ಸ್ಪೆಕ್ಟರ್ ಎದ್ದು ಹೋಗಿ ಮೊಳೆಯಿಂದ ಅದನ್ನು ಬಿಡಿಸಿಕೊಂಡಳು. ಇಷ್ಟು ದಿನ ಊರಿಗೆ ಊರೇ ಈ ಚಿತ್ರದ ಕೆಳಗೆ ತಾರೀಕು ನೋಡಿಕೊಂಡಿತ್ತು. ಮೇಷ್ಟ್ರನ್ನು ಮೋಸಗಾರ ಎಂದು ಬೈಯುತ್ತ, ಮೋಸದ ಗುರುತನ್ನು ಗೋಡೆಗೆ ತೂಗುಹಾಕಿಕೊಂಡಿತ್ತು. ಅವಳೂ ನೋಡಿದ್ದಳು, ದಿನಾ ಬೆಳಿಗ್ಗೆ, ಚಹಾ ಕುಡಿಯುತ್ತ.

ಸಾಲಿನ ಕೊನೆಯಲ್ಲಿ ಮೇಷ್ಟ್ರು ನಿಂತಿದ್ದರು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ತಲೆ ಬಗ್ಗಿಸಿ ಪೈರನ್ನು ನೋಡುತ್ತಿದ್ದರು.

ಸಂಕೋಚದ ಮನುಷ್ಯ, ಫೋಟೋ ಎಂದರೆ ತಲೆ ತಗ್ಗಿಸುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಈಗ ಆ ಕತ್ತಿನ ಬಾಗು ಬೇರೆಯಾಗಿ ಕಂಡಿತು. ಅಂಗೈಯಲ್ಲಿ ಬೆಳೆಸಿದ ಮಗುವನ್ನು ಕರೆತನ್ನಿ ಎಂದರೆ ಬೇರೆ ಯಾರದೋ ಮಗುವನ್ನು ತಂದು ನಿಲ್ಲಿಸಿದಾಗ ನೋಡುವ ನೋಟ ಅದು.

ಅವರಿಗೆ ಗೊತ್ತಿತ್ತು. ಚಳಿ ಬೀಳುವ ಮೊದಲೇ ಗೊತ್ತಿತ್ತು.

ಹಾಗಿದ್ದರೆ ಪೈರು ಸತ್ತ ಮೇಲೆ ರೈತರು ಕರೆದ ಸಭೆಯಲ್ಲಿ ಯಾಕೆ ಸುಮ್ಮನಿದ್ದರು? ಇನ್‌ಸ್ಪೆಕ್ಟರ್ ಆ ಸಭೆಗೆ ಬಂದೋಬಸ್ತಿಗೆ ಹೋಗಿದ್ದಳು. ಹೆಂಗಸೊಬ್ಬಳು ಕೊಳೆತ ಸಸಿಗಳ ಹಿಡಿಯನ್ನು ತಂದು ಮೇಷ್ಟ್ರ ಮುಂದೆ ಮೇಜಿನ ಮೇಲೆ ಇಟ್ಟಳು, ಒಂದು ಮಾತೂ ಆಡದೆ. ಆಮೇಲೆ ಒಬ್ಬೊಬ್ಬರಾಗಿ ಬಂದು ಇಡುತ್ತ ಹೋದರು. ರಾಶಿ ಅವರ ಎದೆಯ ಮಟ್ಟಕ್ಕೆ ಬಂದಾಗ ಮೇಷ್ಟ್ರು ಎದ್ದು "ತಪ್ಪು ನಂದೇ" ಎಂದು ಎರಡೇ ಮಾತು ಹೇಳಿ ಕೂತಿದ್ದರು. ಗೋಡೆಗೊರಗಿ ನಿಂತಿದ್ದ ಅವಳು, ತಪ್ಪಿಲ್ಲದಿದ್ದರೆ ಮನುಷ್ಯ ಹೀಗೆ ಒಪ್ಪಿಕೊಳ್ಳುತ್ತಾನೆಯೇ ಎಂದು ಅಂದುಕೊಂಡಿದ್ದಳು. ಅಷ್ಟಕ್ಕೇ ಅದನ್ನು ಮರೆತೂ ಬಿಟ್ಟಿದ್ದಳು.

ಮನುಷ್ಯ ಹಾಗೆ ತಪ್ಪು ಹೊತ್ತುಕೊಳ್ಳುವುದು ಯಾರಿಗಾಗಿ? ಕ್ಯಾಲೆಂಡರನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವಳು ಬೀಜದ ಉಗ್ರಾಣಕ್ಕೆ ಹೊರಟಳು.

*

ಉಗ್ರಾಣದ ಮೇಲ್ವಿಚಾರಕ ಮೇಷ್ಟ್ರ ಅಕ್ಕನ ಗಂಡ. ಮೇಷ್ಟ್ರು ಭಾವ ಎನ್ನುತ್ತಿದ್ದರೆಂದು ಊರೂ ಅವನನ್ನು ಭಾವ ಎಂದೇ ಕರೆಯುತ್ತಿತ್ತು. ಹಿರಿಯರು, ಕಿರಿಯರು, ಲಾರಿ ಓಡಿಸುವವರು, ಎಲ್ಲರಿಗೂ ಅವನು ಭಾವ. ನಗಿಸುವ ಮನುಷ್ಯ. ಬೀಜಕ್ಕೆ ಬಂದವರಿಗೆ ಕೂರಲು ಜಾಗ ಕೊಟ್ಟು, ಸುದ್ದಿ ಹೇಳಿ ಕಳಿಸುವವನು. ಬಾಮೈದ ಸತ್ತ ಮೇಲೆ ಅವನ ಅಂಗಿ ಹೆಗಲಿನಿಂದ ಜೋತುಬಿದ್ದಂತೆ ಕಾಣುತ್ತಿತ್ತು.

ಉಗ್ರಾಣದ ಒಳಗೆ ಚೀಲಗಳ ಓಣಿಗಳು, ಬೀಜಕ್ಕೆ ಬಳಿಯುವ ಔಷಧಿಯ ಘಾಟು. ನೆಲದ ಬಿರುಕುಗಳಲ್ಲೆಲ್ಲ ಆ ಔಷಧಿಯ ಗುಲಾಬಿ ಪುಡಿ ಕೂತಿತ್ತು. ಇನ್‌ಸ್ಪೆಕ್ಟರ್ ತಲೆ ಎತ್ತಿ ನೋಡಿದಳು. ಮಾಸಿದ ತಗಡುಗಳ ನಡುವೆ ಒಂದು ಮೂಲೆಯಲ್ಲಿ ಮಾತ್ರ ಹೊಸ ತಗಡು ಹೊಳೆಯುತ್ತಿತ್ತು.

"ಸೋರ್ತಿತ್ತಾ?"

"ಹಳೇ ಕಟ್ಟಡ," ಎಂದ ಭಾವ. "ಸೋರದೆ ಇರುತ್ತಾ."

ಅವಳು ಅವನ ಮೇಜಿನ ಮೇಲೆ ಕ್ಯಾಲೆಂಡರ್ ಬಿಡಿಸಿಟ್ಟು, ಸುರುಳಿಯಾಗದಂತೆ ಮೂಲೆಗೆ ಅವನ ತಕ್ಕಡಿಯ ಕಲ್ಲನ್ನೇ ಇಟ್ಟಳು. ಮೇಷ್ಟ್ರ ಮೇಲೆ ಬೆರಳಿಟ್ಟಳು.

"ಇವರು ಏನು ನೋಡ್ತಿದ್ದಾರೆ?"

ಭಾವ ಮೊದಲು ನಗಲು ನೋಡಿದ. ಮುಖ ಒಪ್ಪಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಇನ್‌ಸ್ಪೆಕ್ಟರ್ ಗಾಜಿನ ಮನೆಯ ಎರಡು ತಟ್ಟೆಗಳ ವಿಷಯ ಹೇಳಿದಳು. ಚೀಲದಲ್ಲಿದ್ದದ್ದು ಹಠಮಾರಿಯಲ್ಲ, ಬೇಸಿಗೆ ಗೋಧಿ ಎಂದಳು. ಹೊಲಕ್ಕೆ ಹೋಗುವ ಮೊದಲು ಆ ಚೀಲಗಳು ಇದ್ದದ್ದು ಈ ಛಾವಣಿಯ ಕೆಳಗೆ ಮಾತ್ರ ಎಂದಳು. ಇಷ್ಟನ್ನು ಮೆಲ್ಲಗೆ ಹೇಳಿ, ಎದುರಿನ ಸ್ಟೂಲಿನ ಮೇಲೆ ಕೂತಳು.

ಭಾವ ತಲೆ ಎತ್ತಿ ಆ ಹೊಸ ತಗಡನ್ನು ನೋಡಿದ.

"ಆ ತಗಡು ಬದಲಾಯಿಸು ಭಾವ, ಬದಲಾಯಿಸು ಭಾವ ಅಂತ ಅವನು ಹೇಳ್ತಾನೇ ಇದ್ದ," ಎಂದ. "ನಾಳೆ ಅಂದೆ. ಆ ನಾಳೆ ಬರ್ಲೇ ಇಲ್ಲ, ಮಳೆ ಬಂತು."

ಒಮ್ಮೆ ಬಾಯಿ ಬಿಟ್ಟ ಮೇಲೆ ಅವನನ್ನು ಕೇಳಬೇಕಾಗಲಿಲ್ಲ. ಹಠಮಾರಿಯ ಬೀಜವೆಲ್ಲ ಇದ್ದದ್ದು ಆ ಮೂಲೆಯಲ್ಲೇ. ಒಂದು ವಾರಾಂತ್ಯ ಬೀಗ ಹಾಕಿಕೊಂಡು ಹೋದವನು ಬಂದು ನೋಡಿದರೆ ಚೀಲಗಳು ನೆನೆದು ಉಬ್ಬಿದ್ದವು. ಒಂದನ್ನು ಬಿಚ್ಚಿದ, ಕಾಳು ಮೊಳೆತಿತ್ತು. ಇನ್ನೊಂದನ್ನು ಬಿಚ್ಚಿದ. ಎಲ್ಲದರಲ್ಲೂ ಬಿಳಿ ಬೇರು ಹೆಣೆದುಕೊಂಡು ಕಾಳುಗಳು ಉಂಡೆಗಟ್ಟಿದ್ದವು. ಬಾಮೈದನ ಜೀವಮಾನವೇ ಆ ಮೂಲೆಯಲ್ಲಿ ಬೂಸಲು ಹಿಡಿದಿತ್ತು. ಬಿತ್ತನೆ ಬಾಗಿಲಿಗೆ ಬಂದಿತ್ತು. ರೈತರು ಬರುವವರಿದ್ದರು.

ಆಗಲೇ ಹೋಗಿ ಹೇಳಬಹುದಿತ್ತು. ಬೈಯುತ್ತಿದ್ದ, ಬೈದು ಒಂದು ವರ್ಷ ಕಾಯುತ್ತಿದ್ದ, ಭರಣಿಯ ಬೀಜದಿಂದ ಮತ್ತೆ ಬೆಳೆಸುತ್ತಿದ್ದ. ಆ ಒಂದು ನೋಟ ಎದುರಿಸಲು ಧೈರ್ಯ ಬರಲಿಲ್ಲ ಎಂದ ಭಾವ. ಊರಾಚೆಯ ಶಾವಿಗೆ ಗಿರಣಿಗೆ ಬೆಚ್ಚಗಿನ ಸೀಮೆಯಿಂದ ಗಟ್ಟಿ ಗೋಧಿ ಬಂದು ಬೀಳುತ್ತಿತ್ತು. ಗಿರಣಿಯವನು ಹಳೆಯ ಗೆಳೆಯ, ಯಾಕೆ ಎಂದೂ ಕೇಳದೆ ಲಾರಿ ತುಂಬಿಸಿ ಕಳಿಸಿದ. ಭಾವ ಒಬ್ಬನೇ ಕೂತು ಅದನ್ನು ಜರಡಿ ಹಿಡಿದ, ಔಷಧಿ ಬಳಿದ, ಹೊಸ ಚೀಲಕ್ಕೆ ತುಂಬಿ ಹೊಲಿದ.

"ಗೋಧಿ ಅಂದ್ರೆ ಗೋಧಿ ಅಂದ್ಕೊಂಡೆ. ಚಳಿ ಈ ಸಲ ಮೆತ್ತಗಿರುತ್ತೆ, ಹೇಗೋ ದಾಟುತ್ತೆ ಅಂದ್ಕೊಂಡೆ. ಕಾಳು ನೋಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಮೇಷ್ಟ್ರಿಗೆ ಗೊತ್ತಾಯ್ತು."

"ಫೋಟೋ ತೆಗೆಸಿಕೊಂಡು ನೆಟ್ಟಗೆ ಇಲ್ಲಿಗೇ ಬಂದ." ಭಾವನ ದನಿ ಇಳಿಯಿತು. "ನೀವು ಕೂತಿರೋ ಸ್ಟೂಲಿನ ಮೇಲೇ ಕೂತ. ಭಾವ, ಹೊಲದಲ್ಲಿರೋದು ನನ್ನ ಗೋಧಿ ಅಲ್ಲ ಅಲ್ವಾ ಅಂದ. ಕೋಪ ಮಾಡ್ಕೊಳ್ಲಿಲ್ಲ. ಬೈದಿದ್ರೆ ನಾನು ಬದುಕ್ತಿದ್ದೆ."

ಅವತ್ತಿಗೂ ಕಾಲ ಮಿಂಚಿರಲಿಲ್ಲ. ಊರಿಗೆ ಹೇಳಿದ್ದರೆ ರೈತರು ಉತ್ತು ಬೇರೆ ಏನಾದರೂ ಬಿತ್ತಿಕೊಳ್ಳುತ್ತಿದ್ದರು. ಮೇಷ್ಟ್ರು ಅದನ್ನೇ ಹೇಳಲು ಹೊರಟಿದ್ದರು. ಭಾವ ಅವರ ಕೈ ಹಿಡಿದುಕೊಂಡ. ನನ್ನ ಮುಖ ನೋಡಬೇಡ, ನಿನ್ನ ಅಕ್ಕನ ಮುಖ ನೋಡು ಎಂದ. ತಾಯಿ ಸತ್ತ ಮೇಲೆ ನಿನ್ನನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವಳು, ಊರಿನ ಬಾಯಿಗೆ ಅವಳನ್ನು ಹಾಕಬೇಡ ಎಂದ. ಮೇಷ್ಟ್ರು ಕೈ ಬಿಡಿಸಿಕೊಳ್ಳಲಿಲ್ಲ. ಚಳಿ ಮೆತ್ತಗಿರಲಿ ಎಂದಷ್ಟೇ ಹೇಳಿ ಎದ್ದು ಹೋದರು.

ಹಿಮದ ಹೊದಿಕೆಯೂ ಇಲ್ಲದೆ ಬರಿಗಾಳಿಯ ಚಳಿ ಬಿತ್ತು. ಹೊಲಗಳು ಒಂದೇ ವಾರದಲ್ಲಿ ಕಪ್ಪಾದವು.

ಇನ್‌ಸ್ಪೆಕ್ಟರ್ ಆ ಸ್ಟೂಲಿನಿಂದ ಏಳಬೇಕೆನಿಸಿದರೂ ಏಳಲಿಲ್ಲ. ಮೇಷ್ಟ್ರು ನಿರ್ದೋಷಿ ಎಂದು ಬೆಳಿಗ್ಗೆ ತಟ್ಟೆಗಳ ಮುಂದೆ ನಿಂತು ಅವಳಿಗೆ ಎಷ್ಟೋ ಸಮಾಧಾನವಾಗಿತ್ತು. ಈಗ ಅದೂ ನಿಲ್ಲಲಿಲ್ಲ. ತಳಿಯಲ್ಲಿ ತಪ್ಪಿರಲಿಲ್ಲ. ಆದರೆ ಅವರು ಬಾಯಿ ಬಿಟ್ಟಿದ್ದರೆ ಎಷ್ಟೋ ಹೊಲಗಳು ಉಳಿಯುತ್ತಿದ್ದವು. "ತಪ್ಪು ನಂದೇ" ಎಂದದ್ದು ಅಷ್ಟಕ್ಕೆ ನಿಜವೇ ಆಗಿತ್ತು. ಆ ಸಭೆಯಲ್ಲಿ ಅವರು ಸುಳ್ಳು ಹೇಳಿರಲಿಲ್ಲ.

"ಆಮೇಲೂ ಅವರು ಸುಮ್ಮನೆ ಇರ್ತಿದ್ರು," ಎಂದಳು. "ಏನೋ ಬದಲಾಯ್ತು. ಏನು?"

ತಳಿಯನ್ನು ರದ್ದು ಮಾಡಲು ಮೇಲಿನವರು ತೀರ್ಮಾನಿಸಿದ್ದರು ಎಂದ ಭಾವ. ಸಂಶೋಧನಾ ಕೇಂದ್ರದಲ್ಲಿ ಉಳಿದಿದ್ದ ಅಷ್ಟಿಷ್ಟು ಬೀಜವನ್ನೂ ಮೇಷ್ಟ್ರೇ ಸುಡಬೇಕೆಂದು ಹೇಳಿ ಕಳಿಸಿದ್ದರು. ಸತ್ತ ದಿನ ಬೆಳಿಗ್ಗೆ ಮೇಷ್ಟ್ರು ಇಲ್ಲಿಗೆ ಬಂದಿದ್ದರು. ಕೂರಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿದರು.

"ನನ್ನ ಹೆಸರು ಹೋದ್ರೆ ಹೋಗ್ಲಿ ಭಾವ, ಗೋಧಿ ಹೆಸರು ಹೋಗಬಾರದು ಅಂದ. ನಿಂದೂ ನಂದೂ ಸೇರಿಸಿ ಎಲ್ಲಾ ಹೇಳಿಬಿಡ್ತೀನಿ, ಅಕ್ಕನಿಗೆ ಮೊದಲು ನೀನೇ ಹೇಳು, ನನ್ನ ಬಾಯಿಂದ ಕೇಳೋದು ಬೇಡ ಅಂದ."

"ಹೇಳಿದ್ರಾ?"

ಭಾವ ತಲೆ ಅಲ್ಲಾಡಿಸಿದ.

"ಅವತ್ತು ಸಂಜೆಗೆ ಅವರು ಸತ್ತಿದ್ರು," ಎಂದಳು ಇನ್‌ಸ್ಪೆಕ್ಟರ್. "ಅವರ ಬಾಯಿ ಮುಚ್ಚಿ ಹೋದ್ರೆ ಬದುಕ್ತಿದ್ದೋರು ಊರಲ್ಲಿ ಒಬ್ಬರೇ. ಇಟ್ಟಿಗೆ ಸರಿಸಿದ್ದು ನೀವಾ?"

"ಇಲ್ಲ." ಅವನು ಸಿಟ್ಟಾಗಲಿಲ್ಲ. ಆ ಪ್ರಶ್ನೆಗೆ ಬಹಳ ದಿನದಿಂದ ಕಾದಿದ್ದವನಂತಿತ್ತು. "ಅವತ್ತೆಲ್ಲ ಇಲ್ಲೇ ಕೂತಿದ್ದೆ, ಅವಳಿಗೆ ಹೇಗೆ ಹೇಳ್ಲಿ ಅಂತ ಮಾತು ಜೋಡಿಸ್ಕೊಂಡು. ನೋಡಿದೋರು ಯಾರೂ ಇಲ್ಲ. ನೀವು ನಂಬಬೇಡಿ, ನಾನಾಗಿದ್ರೂ ನಂಬ್ತಿರ್ಲಿಲ್ಲ. ಆದ್ರೆ ಅವನು ಸತ್ತ ಅಂತ ಕೇಳಿದಾಗ..." ಅವನು ನಿಲ್ಲಿಸಿದ. ಹೇಳುವುದೋ ಬೇಡವೋ ಎಂದು ತುಟಿ ಕಚ್ಚಿಕೊಂಡ. "ಮೊದಲು ಬಂದಿದ್ದು ಅಳು ಅಲ್ಲ. ಇನ್ನು ಹೇಳೋದು ಬೇಡ ಅನ್ನೋ ನೆಮ್ಮದಿ. ಒಂದೇ ಒಂದು ಕ್ಷಣ. ಅದಕ್ಕೆ ನೀವು ಶಿಕ್ಷೆ ಕೊಡೋಕಾದ್ರೆ ಕೊಡಿ."

ಕೊಡುವುದಕ್ಕೆ ಅವಳ ಬಳಿ ಏನೂ ಇರಲಿಲ್ಲ. ಅವನು ಕೊಲೆಗಾರನಾಗಿದ್ದರೆ ಅವಳ ಕೆಲಸ ಸುಲಭವಾಗುತ್ತಿತ್ತು. ಎದುರಿಗೆ ಇದ್ದದ್ದು ಒಂದು ತಗಡು ಬದಲಾಯಿಸಲು ಸೋಮಾರಿತನ ಮಾಡಿದ, ಆಮೇಲೆ ಒಂದು ಮಾತು ಆಡಲು ಅಂಜಿದ ಮನುಷ್ಯ. ಅವನಲ್ಲಿ ಬೇರೆ ದುಷ್ಟತನ ಅವಳಿಗೆ ಕಾಣಲಿಲ್ಲ.

ಅಷ್ಟರಲ್ಲಿ ಚೀಲಗಳ ಓಣಿಯಲ್ಲಿ ಸದ್ದಾಯಿತು. ಇಬ್ಬರೂ ತಿರುಗಿದರು.

ಮೇಷ್ಟ್ರ ಅಕ್ಕ ನಿಂತಿದ್ದಳು. ಕೈಯಲ್ಲಿ ಗಂಡನ ಊಟದ ಡಬ್ಬಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಡಬ್ಬಿ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಅವಳು ಇನ್‌ಸ್ಪೆಕ್ಟರನ್ನು ನೋಡಲಿಲ್ಲ.

"ನಮ್ಮ ಹೊಲಕ್ಕೂ ಅದೇ ಬೀಜ ಕೊಟ್ರಾ?" ಎಂದು ಗಂಡನನ್ನು ಕೇಳಿದಳು.

ಅಪ್ಪನಿಂದ ಬಂದ ಆ ಹೊಲ ಅಕ್ಕ ತಮ್ಮ ಇಬ್ಬರದೂ. ತಮ್ಮನ ಗೋಧಿಗೆ ಮೊದಲು ನೆಲ ಕೊಡಬೇಕಾದವಳು ನಾನು ಎಂದು ಊರಿಗಿಂತ ಮುಂಚೆ ತಾನೇ ನಿಂತು ಬಿತ್ತಿಸಿದ್ದಳು. ಸತ್ತ ಪೈರಿನಲ್ಲಿ ಮೊದಲು ಸತ್ತದ್ದೂ ಅದೇ.

"ಬೇರೆ ಕೊಟ್ಟಿದ್ರೆ ಗೊತ್ತಾಗ್ತಿತ್ತು," ಎಂದ ಭಾವ.

ಅಕ್ಕ ಅದನ್ನು ಕೇಳಿ ಮೆಲ್ಲಗೆ ತಲೆಯಾಡಿಸಿದಳು, ಲೆಕ್ಕ ಸರಿಯಾಗಿದೆ ಎಂಬಂತೆ. ಡಬ್ಬಿಯನ್ನು ಮೇಜಿನ ಮೇಲೆ, ಕ್ಯಾಲೆಂಡರಿನ ಪಕ್ಕಕ್ಕೆ ಇಟ್ಟಳು. ಚಿತ್ರದಲ್ಲಿ ತಲೆ ಬಗ್ಗಿಸಿದ್ದ ತಮ್ಮನನ್ನು ನೋಡಿದಳು. ಗಂಡ ಎದ್ದು ಏನೋ ಹೇಳಹೊರಟಾಗ ಕೈ ಎತ್ತಿ ತಡೆದಳು.

"ನೀವು ನಿಮ್ಮದನ್ನ ಹೇಳಿ ಆಯ್ತಲ್ಲ. ಈಗ ನಂದು ಕೇಳಿ. ಇಬ್ಬರೂ ಕೇಳಿ."

ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. ಠಾಣೆಯಲ್ಲಿ ಬೆಂಚು ಬಿಟ್ಟು ಏಳದೆ ಕೂತಿದ್ದ ಹೆಂಗಸು ಇವಳಲ್ಲ ಎನಿಸಿತು ಇನ್‌ಸ್ಪೆಕ್ಟರಿಗೆ. ಆ ಹೆಂಗಸಿನ ಹಠ ಇಳಿದು ಹೋಗಿತ್ತು.

"ಇಟ್ಟಿಗೆ ಮೂಲೇಲಿತ್ತು ಅಂತ ನಿಮಗೆ ಹೇಳಿದೆನಲ್ಲ. ಅದು ಯಾರೋ ಹೇಳಿ ಗೊತ್ತಾಗಿದ್ದಲ್ಲ. ನಾನೇ ನೋಡಿದ್ದೆ. ಅವತ್ತು ನಾನು ಅಲ್ಲಿಗೆ ಹೋಗಿದ್ದೆ."

ಭಾವ ಕೂತ.

ಅವಳು ಹೇಳಿದ್ದು ಹೀಗೆ. ಅವತ್ತು ಮಧ್ಯಾಹ್ನ ಸತ್ತ ಹೊಲವನ್ನು ಉಳುಮೆ ಮಾಡಿಸಿದ ಮೇಲೆ ಅವಳ ಸಹನೆ ಕಟ್ಟೆ ಒಡೆದಿತ್ತು. ಊರಿನಲ್ಲಿ ನೀರಿಗೆ ಹೋದರೂ ಜನ ಮುಖ ತಿರುಗಿಸುತ್ತಿದ್ದರು. ತಪ್ಪು ನಂದೇ ಎಂದು ಹೇಳಿ ಕೂತವನು ತನ್ನೆದುರು ಒಂದು ಮಾತು ಬಿಡಿಸಿ ಹೇಳಿರಲಿಲ್ಲ. ಇವತ್ತು ಕೇಳಿಯೇ ಬಿಡಬೇಕು, ನೀನು ನನ್ನ ತಮ್ಮನೇ ಅಲ್ಲ ಎಂದು ಹೇಳಿ ಬರಬೇಕು ಎಂದು ಕೇಂದ್ರಕ್ಕೆ ಹೋಗಿದ್ದಳು. ಓಣಿಯ ಕೊನೆಗೆ ಹೋದಾಗ ಶೀತಲ ಕೋಣೆಯ ಬಾಗಿಲು ಮುಚ್ಚಿತ್ತು. ಇಟ್ಟಿಗೆ ಮೂಲೆಯಲ್ಲಿತ್ತು.

"ಒಳಗಿಂದ ಬಡೀತಿದ್ದ," ಎಂದಳು ಅಕ್ಕ. "ಜೋರಾಗಿ ಅಲ್ಲ. ಅಂಗೈಲಿ ಬಡಿದ ಹಾಗೆ. ಚಿಕ್ಕವನಿದ್ದಾಗ ನಾನು ಸ್ನಾನಕ್ಕೆ ಹೋದ್ರೆ ಹೊರಗೆ ನಿಂತು ಹಾಗೇ ಬಡೀತಿದ್ದ, ಅಕ್ಕಾ ಬಾ ಅಂತ."



ಚಿಲಕಕ್ಕೆ ಕೈ ಹಾಕಿದ್ದಳಂತೆ. ತೆಗೆಯಬೇಡಿ ಎಂದು ಯಾರೋ ಅಂದರು. ಒಳಗೆ ಪರೀಕ್ಷೆ ನಡೆಯುತ್ತಿದೆ, ಈಗ ಚಳಿ ಹೊರಗೆ ಹೋದರೆ ಎಲ್ಲ ಹಾಳಾಗುತ್ತದೆ, ಯಾರು ಬಂದರೂ ತೆಗೆಯಬೇಡಿ ಎಂದು ಮೇಷ್ಟ್ರೇ ಹೇಳಿದ್ದಾರೆ, ಬಡಿಯುತ್ತಿರುವುದು ಬಾಗಿಲಲ್ಲ, ತಟ್ಟೆಗಳನ್ನು ಜೋಡಿಸುತ್ತಿದ್ದಾರೆ ಎಂದರು.

"ನಂಬಿದ್ರಾ?" ಎಂದಳು ಇನ್‌ಸ್ಪೆಕ್ಟರ್. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನಿಸಿತು.

"ಇಲ್ಲ," ಎಂದಳು ಅಕ್ಕ. "ಅದು ಅವನ ಕೈ ಅಂತ ನನಗೆ ಗೊತ್ತಿತ್ತು. ಆದ್ರೆ ಸಿಟ್ಟಿತ್ತು. ಇರ್ಲಿ, ನಿನಗೆ ನಿನ್ನ ಗೋಧಿನೇ ತಾನೆ ಬೇಕಾಗಿದ್ದು, ಸ್ವಲ್ಪ ಹೊತ್ತು ಅದರ ಜೊತೇನೇ ಇರು ಅಂತ ತಿರುಗಿ ಬಂದೆ. ಇವಳು ಇದ್ದಾಳಲ್ಲ, ಆಮೇಲೆ ತೆಗೀತಾಳೆ ಅಂದ್ಕೊಂಡೆ. ಮೆಟ್ಟಿಲು ಇಳಿಯೋ ತನಕ ಕೇಳ್ತಾನೇ ಇತ್ತು."

ಅವಳ ಕಣ್ಣಿನಲ್ಲಿ ನೀರಿರಲಿಲ್ಲ. ಅದೆಲ್ಲ ಮುಗಿದು ಬಹಳ ಕಾಲವಾಗಿದ್ದಂತಿತ್ತು. ಯಾರಾದರೂ ಕೊಂದಿರಲಿ, ಕೊಂದವರು ಸಿಗಲಿ ಎಂದು ಇವಳು ಠಾಣೆಯ ಬೆಂಚಿನ ಮೇಲೆ ಕೂತು ಬೇಡಿದ್ದು ಯಾಕೆಂದು ಇನ್‌ಸ್ಪೆಕ್ಟರಿಗೆ ಈಗ ತಿಳಿಯಿತು. ಭಾವ ಹೆಂಡತಿಯ ಕಡೆ ಕೈ ಚಾಚಿ, ಮುಟ್ಟುವ ಹಕ್ಕು ತನಗಿಲ್ಲ ಎಂಬಂತೆ ಹಿಂದಕ್ಕೆ ಎಳೆದುಕೊಂಡ.

"ಇವಳು ಅಂದ್ರಲ್ಲ," ಎಂದಳು ಇನ್‌ಸ್ಪೆಕ್ಟರ್. "ಯಾರು?"

"ಅವನ ಶಿಷ್ಯೆ."

ಇನ್‌ಸ್ಪೆಕ್ಟರ್ ಸ್ಟೂಲಿನಿಂದ ಎದ್ದಳು.

"ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ಲು," ಎಂದಳು ಅಕ್ಕ. "ಹೊರಗೆ ಬಂದ್ರೆ ಸರ್ ಗೋಧಿ ಸುಟ್ಟುಬಿಡ್ತಾರೆ ಅಂತ ತನ್ನಷ್ಟಕ್ಕೇ ಗೊಣಗ್ತಿದ್ಲು. ತೆಗೀಬೇಡಿ ಅಂತ ಹೇಳ್ತಾ ಹೇಳ್ತಾ ಅಳ್ತಿದ್ಲು."